ಹಿಂಗ್ಯಾಕ ಆಯ್ತ್ರಿ?

ಆಳಂದದಿಂದ ಕಲಬುರಗಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗರು, ಕೋರ್ಟಿನ ತಾರೀಖಿಗೆ ಹೊರಟವರು, ಹಾಲಿನ ಕ್ಯಾನಿನವರು. ಅವರ ನಡುವೆ ಒಂದೋ ಎರಡೋ ದೊಡ್ಡ ಲಕೋಟೆಗಳೂ ಹತ್ತುತ್ತವೆ. ಮಡಚಬೇಡಿ ಎಂದು ಸ್ಕ್ಯಾನ್ ಸೆಂಟರಿನವರು ಹೇಳಿ ಕೊಟ್ಟಿರುತ್ತಾರೆ. ಮೇಲಿನ ಸಾಮಾನಿನ ಅಟ್ಟದಲ್ಲಿ ಇಟ್ಟರೆ ಯಾರಾದರೂ ಚೀಲ ಹೇರುತ್ತಾರೆ, ಕೆಳಗಿಟ್ಟರೆ ತುಳಿಯುತ್ತಾರೆ. ಹಾಗಾಗಿ ಲಕೋಟೆ ಹಿಡಿದವರು ಅದನ್ನು ಎದೆಗೆ ಅವಚಿಕೊಂಡೇ ಕೂರುತ್ತಾರೆ. ಕಿಟಕಿಯಾಚೆ ಜನವರಿಯ ಎರೆಭೂಮಿ. ಕೆಲವು ಹೊಲದಲ್ಲಿ ತೊಗರಿ ರಾಶಿಯ ಧೂಳು ಎದ್ದಿದೆ, ಕೆಲವೆಡೆ ಬಿಳಿಜೋಳ ತೆನೆ ಕಟ್ಟಿದೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಹುಡುಗರು ದಡದಡನೆ ಇಳಿದ ಮೇಲೆ ಬಸ್ಸು ಅರ್ಧ ಖಾಲಿ. ಲಕೋಟೆಯವರು ಮಾತ್ರ ಕೊನೆಯ ನಿಲ್ದಾಣದವರೆಗೂ ಹೋಗಬೇಕು.

ಅದೇ ಹೊತ್ತಿಗೆ ಅಫಜಲಪುರದ ಬಸ್ಸು ಚೌಡಾಪುರ ದಾಟಿ ಬರುತ್ತಿರುತ್ತದೆ. ಜೇವರ್ಗಿಯ ಬಸ್ಸು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುತ್ತಿರುತ್ತದೆ. ಮೂರೂ ದಾರಿ ಕಲಬುರಗಿಯಲ್ಲಿ ಕೂಡುತ್ತವೆ. ಅಲ್ಲಿಂದ ಆಟೋ ಹಿಡಿದರೆ ಸರ್ಕಾರಿ ಆಸ್ಪತ್ರೆ ಜಿಮ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ, ಬಸವೇಶ್ವರ ಆಸ್ಪತ್ರೆ, ಇಲ್ಲವೆ ನರರೋಗ ತಜ್ಞರ ಖಾಸಗಿ ದವಾಖಾನೆ.

ಒಳಗೆ ಗೋಡೆಗೆ ಬಿಳಿ ಬೆಳಕಿನ ಪೆಟ್ಟಿಗೆ. ಡಾಕ್ಟರು ಫಿಲ್ಮನ್ನು ಅದಕ್ಕೆ ಸಿಕ್ಕಿಸುತ್ತಾರೆ. ಒಂದೇ ಹಾಳೆಯಲ್ಲಿ ತಲೆಯ ಹತ್ತಾರು ಅಡ್ಡ ಸೀಳುಗಳು: ಹೊರಗೆ ತಲೆಬುರುಡೆಯ ಉಂಗುರ, ಒಳಗೆ ಬೂದು ಬಣ್ಣದ ಮಡಿಕೆಗಳು, ನಡುವೆ ಚಿಟ್ಟೆಯಂತೆ ಎರಡು ನೀರಿನ ಕೋಣೆ. ಆದರೆ ಈ ಫಿಲ್ಮಿನಲ್ಲಿ ಎಡಗಡೆಯ ಕೋಣೆ ಒತ್ತಿ ಸಣ್ಣದಾಗಿದೆ. ಅದರ ಪಕ್ಕ ಅಂಕುಡೊಂಕಾದ ಒಂದು ಬಿಳಿ ಬಳೆ, ಬಳೆಯ ಒಳಗೆ ಕಪ್ಪು, ಹೊರಗೆ ಬಾವು. ಡಾಕ್ಟರು ಪೆನ್ನಿನ ತುದಿಯಿಂದ ಬಳೆಯ ಸುತ್ತ ಒಂದು ಸುತ್ತು ಹಾಕಿ, "ಗಡ್ಡಿ ಅದ" ಎನ್ನುತ್ತಾರೆ. ಆಮೇಲೆ ಖರ್ಚೆಷ್ಟು, ಎಲ್ಲಿಗೆ ಹೋಗಬೇಕು, ಬದುಕುತ್ತಾನೋ ಇಲ್ಲವೋ ಎಂಬ ಪ್ರಶ್ನೆಗಳೆಲ್ಲ ಬರುತ್ತವೆ. ಬಹಳ ಮಂದಿ ಮೊದಲು ಕೇಳುವುದು ಬೇರೆ.

"ಹಿಂಗ್ಯಾಕ ಆಯ್ತ್ರಿ?"

ಕೇಳುವವರು ಉತ್ತರವನ್ನೂ ಕಟ್ಟಿಕೊಂಡೇ ಬಂದಿರುತ್ತಾರೆ. ಹೋದ ವರ್ಷ ಎತ್ತು ಹಾಯ್ದು ತಲೆಗೆ ಪೆಟ್ಟು ಬಿದ್ದಿತ್ತು. ಸಾಲಿ ಹಿಂದೆ ಮೊಬೈಲ್ ಟವರ್ ನಿಂತಿದೆ. ತೊಗರಿಗೆ ಕೀಟನಾಶಕದ ಎಣ್ಣೆ ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟಿರಲಿಲ್ಲ. ಅಮಾವಾಸ್ಯೆ ದಿನ ಹಳ್ಳದ ದಾರಿಯಲ್ಲಿ ಒಬ್ಬನೇ ಬಂದಿದ್ದ. ಹೊಸ ಟ್ರ್ಯಾಕ್ಟರ್ ಕಂಡು ಮಂದಿ ಕಣ್ಣು ಬಿತ್ತು. ತಾಯಿಯದು ಇನ್ನೂ ಹಳೆಯ ಲೆಕ್ಕ: ಕೂಸಿದ್ದಾಗ ತೊಟ್ಟಿಲಿಂದ ಬಿದ್ದಿದ್ದ, ನಾನೇ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಆ ಬೀಳುವಿಕೆಯನ್ನು ಆಕೆ ಈ ಬಿಳಿ ಬಳೆಗೆ ತಂದು ಜೋಡಿಸುತ್ತಾಳೆ. ಯಾರೋ ಒಬ್ಬರದು ತಪ್ಪಿರಲೇಬೇಕು, ಬೇರೆ ಯಾರೂ ಸಿಗದಿದ್ದರೆ ತನ್ನದೇ.

ಇಲ್ಲಿಗೆ ಬರುವ ಮೊದಲು ಬಹಳಷ್ಟು ಮಂದಿ ಬೇರೆ ಬಾಗಿಲುಗಳನ್ನು ತಟ್ಟಿರುತ್ತಾರೆ. ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿರುತ್ತಾರೆ. ಅಫಜಲಪುರ ತಾಲ್ಲೂಕಿನವರಿಗೆ ದೇವಲ ಗಾಣಗಾಪುರ ಮಗ್ಗುಲಲ್ಲೇ ಇದೆ. ಭೀಮಾ ಅಮರ್ಜಾ ಕೂಡುವ ಸಂಗಮದಲ್ಲಿ ಮುಳುಗೆದ್ದು, ಔದುಂಬರದ ಸುತ್ತ ಪ್ರದಕ್ಷಿಣೆ ಹಾಕಿ, ಒದ್ದೆ ಬಟ್ಟೆಯಲ್ಲೇ ಊರೊಳಗಿನ ದತ್ತನ ಗುಡಿಗೆ ಬರುತ್ತಾರೆ. ಮಧ್ಯಾಹ್ನ ಮಧುಕರಿಯ ಹೊತ್ತು, ಜೋಳಿಗೆ ಹಿಡಿದ ಭಕ್ತರು ಮನೆಮನೆಯ ಮುಂದೆ. ಮಹಾಮಂಗಳಾರತಿಯ ನಗಾರಿ ಮೊಳಗಿತೆಂದರೆ ಗುಡಿಯ ಗಾಳಿಯೇ ಬದಲಾಗುತ್ತದೆ. ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಹೆಣ್ಣುಮಗಳು ಕೂದಲು ಬಿಚ್ಚಿ ಕಂಬಕ್ಕೆ ಜಿಗಿಯುತ್ತಾಳೆ. ಒಬ್ಬ ಯುವಕ ಕಂಬಿ ಹಿಡಿದು ಮೇಲೇರಿ ಯಾರದೋ ದನಿಯಲ್ಲಿ ಕೂಗುತ್ತಾನೆ. ಮರಾಠಿ, ಕನ್ನಡ, ತೆಲುಗು, ಎಲ್ಲ ಭಾಷೆಯ ಬೈಗುಳ. ಸುತ್ತಲಿನವರು ಗಾಬರಿಯಾಗುವುದಿಲ್ಲ. "ಗಾಳಿ ಬಡದದ. ಆರತಿ ಮುಗೀಲಿ, ಇಳೀತದ" ಎಂದು ಅವರ ಚಪ್ಪಲಿ ಎತ್ತಿ ಬದಿಗಿಡುತ್ತಾರೆ.

ಆ ಕಂಬ ಹಿಡಿದವರಲ್ಲಿ ಹೆಚ್ಚಿನವರ ತಲೆಯಲ್ಲಿ ಗಡ್ಡೆ ಇರುವುದಿಲ್ಲ. ಮನಸ್ಸಿನ ಕಾಯಿಲೆ ಇರಬಹುದು, ಮೂರ್ಛೆರೋಗ ಇರಬಹುದು, ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟ ಇರಬಹುದು. ಕೂಗಲು ಒಂದು ಜಾಗ ಸಿಕ್ಕಿದ್ದೇ ಕೆಲವರಿಗೆ ಹಗುರ. ಆದರೆ ಆ ಗುಂಪಿನಲ್ಲಿ ಯಾವಾಗಲಾದರೂ ಒಬ್ಬನ ಕಥೆ ಬೇರೆಯಾಗಿರುತ್ತದೆ. ಕಿವಿಯ ಮೇಲ್ಭಾಗದಲ್ಲಿರುವ ಮೆದುಳಿನ ಹಾಲೆಯಲ್ಲಿ ಗಡ್ಡೆ ಬೆಳೆದರೆ ಇದ್ದಕ್ಕಿದ್ದಂತೆ ಇಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ, ಕಾರಣವಿಲ್ಲದೆ ಹೆದರಿಕೆ ಹೊಟ್ಟೆಯಿಂದ ಏರುತ್ತದೆ, ಒಂದೆರಡು ನಿಮಿಷ ಕಣ್ಣು ನೆಟ್ಟು ಬಾಯಿ ಚಪ್ಪರಿಸುತ್ತಾ ಕೂತವನಿಗೆ ಆಮೇಲೆ ಏನೂ ನೆನಪಿರುವುದಿಲ್ಲ. ಹಣೆಯ ಹಿಂದಿನ ಹಾಲೆಯಲ್ಲಿ ಬೆಳೆದರೆ ಸ್ವಭಾವವೇ ತಿರುಗುತ್ತದೆ. ಮಾತು ಅಳೆದು ಆಡುತ್ತಿದ್ದವನು ಹಿರಿಯರೆದುರು ಹೊಲಸು ಬೈಯುತ್ತಾನೆ, ನಸುಕಿಗೇ ಹೊಲಕ್ಕೆ ಹೋಗುತ್ತಿದ್ದವನು ಹಾಸಿಗೆ ಬಿಟ್ಟು ಏಳುವುದಿಲ್ಲ. "ಅವನ ಒಳಗ ಬ್ಯಾರೆ ಯಾರೋ ಕುಂತಾರ" ಎಂದು ಮನೆಯವರು ಹೇಳುವುದರಲ್ಲಿ ಕಂಡದ್ದೆಲ್ಲ ಸರಿ, ಕಾರಣವೊಂದೇ ತಪ್ಪು.

ಕಾರಣ ಹುಡುಕಲು ಕಣ್ಣಿಗೆ ಕಾಣದಷ್ಟು ಸಣ್ಣ ಜಾಗಕ್ಕೆ ಇಳಿಯಬೇಕು.

ಮನುಷ್ಯನ ಮೆದುಳಿನ ತೂಕ ಸುಮಾರು 1.4 ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಗ್ಲಯಾ ಕೋಶಗಳು. ಯೋಚನೆ, ನೆನಪು, ಚಲನೆಯ ಕೀರ್ತಿಯೆಲ್ಲ ನರಕೋಶಕ್ಕೆ. ಗ್ಲಯಾ ಎಂದರೆ ಆಳುಮಕ್ಕಳು: ನಕ್ಷತ್ರದಾಕಾರದ ಆಸ್ಟ್ರೋಸೈಟ್ ನರಕೋಶಕ್ಕೆ ಆಹಾರ ಒದಗಿಸಿ ಸುತ್ತಲಿನ ರಸಾಯನ ಸಮ ಮಾಡುತ್ತದೆ, ಆಲಿಗೊಡೆಂಡ್ರೊಸೈಟ್ ನರತಂತುವಿಗೆ ಕೊಬ್ಬಿನ ಹೊದಿಕೆ ಸುತ್ತುತ್ತದೆ, ಎಪೆಂಡೈಮಾ ನೀರಿನ ಕೋಣೆಗಳ ಒಳಗೋಡೆಯಾಗುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಕೋ ಈ ಕೋಶಗಳಿಗೆ 1850ರ ದಶಕದಲ್ಲಿ ಹೆಸರಿಟ್ಟರು. ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು ವೈದ್ಯಲೋಕದಲ್ಲಿ ಗಟ್ಟಿಯಾಗಿ ನಿಲ್ಲಿಸಿದವರೂ ಅವರೇ. ಗಡ್ಡೆಯ ಕೋಶಕ್ಕೂ ಅದೇ ನಿಯಮ. ಅದು ಹೊರಗಿಂದ ಬಂದು ಸೇರಿದ್ದಲ್ಲ, ಮೈಯ ಕೋಶವೊಂದರ ಮಗಳೇ.

ಬಹುತೇಕ ನರಕೋಶಗಳು ಹುಟ್ಟುವ ಹೊತ್ತಿಗೇ ವಿಭಜನೆ ನಿಲ್ಲಿಸಿಬಿಡುತ್ತವೆ. ವಿಭಜನೆಯಾಗದ ಕೋಶದಿಂದ ಗಡ್ಡೆ ಏಳುವುದು ಅಪರೂಪ. ಗ್ಲಯಾ ಕೋಶಗಳು ಮತ್ತು ಅವುಗಳ ಮೂಲಕೋಶಗಳು ಮಾತ್ರ ಬೇಕಾದಾಗ ಎರಡಾಗುವ ಶಕ್ತಿ ಉಳಿಸಿಕೊಂಡಿರುತ್ತವೆ. ಎರಡಾಗುವ ಮುನ್ನ ಕೋಶ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಬೇಕು. ಒಂದು ಕೋಶದ ಡಿಎನ್‌ಎ ಬಿಡಿಸಿದರೆ ಸುಮಾರು 2 ಮೀಟರ್ ಉದ್ದ, ತಂದೆಯದು ತಾಯಿಯದು ಸೇರಿ ಸುಮಾರು 600 ಕೋಟಿ ಅಕ್ಷರ. ನಕಲು ಮಾಡುವ ಕಿಣ್ವ ತಾನೇ ತಪ್ಪು ತಿದ್ದುತ್ತಾ ಹೋಗುತ್ತದೆ. ಅದರ ಹಿಂದೆ ಇನ್ನೊಂದು ತಂಡ ಬಂದು ಮತ್ತೆ ತಿದ್ದುತ್ತದೆ. ಇಷ್ಟಾದರೂ ಒಂದೊಂದು ವಿಭಜನೆಯಲ್ಲೂ ಬೆರಳೆಣಿಕೆಯ ಅಕ್ಷರಗಳು ತಪ್ಪಿ ಉಳಿಯುತ್ತವೆ. ನನ್ನಲ್ಲಿ, ನಿಮ್ಮಲ್ಲಿ, ಎಲ್ಲರಲ್ಲಿ. ಬಹುಪಾಲು ತಪ್ಪುಗಳು ಯಾವುದಕ್ಕೂ ಬಾರದ ಜಾಗದಲ್ಲಿ ಬಿದ್ದು ಸುಮ್ಮನಿರುತ್ತವೆ.

ಕೆಲವು ಜಾಗಗಳು ಮಾತ್ರ ಸುಮ್ಮನಿರುವಂಥವಲ್ಲ. ಇಜಿಎಫ್‌ಆರ್ ಎಂಬ ಜೀನ್ ಕೋಶದ ಹೊರಮೈಯಲ್ಲಿ ನಿಂತು 'ಬೆಳೆ' ಎಂಬ ಸಂದೇಶ ಹಿಡಿಯುವ ಪ್ರೋಟೀನನ್ನು ಮಾಡುತ್ತದೆ. ಅದರ ಪ್ರತಿಗಳು ಹತ್ತಾರು ಪಟ್ಟು ಹೆಚ್ಚಿದರೆ ಯಾರೂ ಹೇಳದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ. 17ನೇ ವರ್ಣತಂತುವಿನಲ್ಲಿರುವ ಟಿಪಿ53 ಎಂಬ ಜೀನು ತಪ್ಪು ಮಿತಿಮೀರಿದ ಕೋಶವನ್ನು ತಡೆದು ನಿಲ್ಲಿಸುತ್ತದೆ, ರಿಪೇರಿ ಸಾಧ್ಯವಾಗದಿದ್ದರೆ ಸಾಯಿಸುತ್ತದೆ. ಅದೇ ಕೆಟ್ಟರೆ ಕೇಳುವವರಿಲ್ಲ. ವಿಭಜನೆಗಳ ಲೆಕ್ಕ ಮುಗಿದ ಮುದಿ ಕೋಶ ನಿಲ್ಲಬೇಕು. ಟರ್ಟ್ ಎಂಬ ಜೀನಿನ ಗುಂಡಿ ಒತ್ತಿಹೋದರೆ ಆ ಲೆಕ್ಕವೂ ಮುಗಿಯುವುದಿಲ್ಲ. ಒಂದು ತಪ್ಪಿನಿಂದ ಗಡ್ಡೆಯಾಗುವುದಿಲ್ಲ. ಒಂದೇ ಕೋಶದ ವಂಶದಲ್ಲಿ ಒಂದರ ಮೇಲೊಂದು ಇಂಥ ತಪ್ಪು ಕೂಡಿಬರಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ನೀರಿನ ಕೋಣೆಯ ಗೋಡೆಯ ಪಕ್ಕದಲ್ಲಿ ಮೂಲಕೋಶಗಳಿರುವ ಒಂದು ಪಟ್ಟಿಯಿದೆ. ಕೊರಿಯಾದ ವಿಜ್ಞಾನಿಗಳು 2018ರಲ್ಲಿ ತೋರಿಸಿದ ಪ್ರಕಾರ ಅತಿ ಕ್ರೂರವಾದ ಗ್ಲಯೊಬ್ಲಾಸ್ಟೋಮಾ ಗಡ್ಡೆಯ ಮೊದಲ ತಪ್ಪುಗಳು ಬಹಳ ರೋಗಿಗಳಲ್ಲಿ ಆ ಪಟ್ಟಿಯಲ್ಲೇ ಹುಟ್ಟಿ, ಕೋಶಗಳು ದೂರ ಸರಿದು ಬೇರೆಡೆ ಗಡ್ಡೆ ಕಟ್ಟಿರುತ್ತವೆ. ಫಿಲ್ಮಿನಲ್ಲಿ ಕಾಣುವ ಬಳೆ ರೋಗದ ಹುಟ್ಟೂರು ಅಲ್ಲದಿರಬಹುದು.

ಈ ಕೋಶಗಳನ್ನು ಕಣ್ಣಾರೆ ನೋಡುವವರು ರೋಗಶಾಸ್ತ್ರಜ್ಞರು. ಶಸ್ತ್ರಚಿಕಿತ್ಸೆಗೆ ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ, ಕೆಲವರು ಹೈದರಾಬಾದಿಗೆ ಹೋಗುತ್ತಾರೆ, ಇನ್ನು ಕೆಲವರು ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆಯ ಚೂರೊಂದು ಸಣ್ಣ ಡಬ್ಬಿಯಲ್ಲಿ ಲ್ಯಾಬಿಗೆ ಬರುತ್ತದೆ. ಸಾಸಿವೆ ಕಾಳಿನಷ್ಟು ಸಾಕು. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಇನ್ನೊಂದು ಗಾಜಿನಿಂದ ಒತ್ತಿ ಎಳೆಯುತ್ತಾರೆ. ಮೆದುಳು ಮೆತ್ತಗಿರುವುದರಿಂದ ತೆಳ್ಳಗೆ ಸವರಿಕೊಳ್ಳುತ್ತದೆ. ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗುಲಾಬಿ ನೆಲದ ಮೇಲೆ ನೇರಳೆ ಚುಕ್ಕಿಗಳು. ಚುಕ್ಕಿ ಎಂದರೆ ಕೋಶಕೇಂದ್ರ. ಆರೋಗ್ಯವಂತ ಮೆದುಳಿನಲ್ಲಿ ಅವು ದೂರದೂರ, ದುಂಡಗೆ, ಒಂದೇ ಅಳತೆಯಲ್ಲಿ ಇರುತ್ತವೆ. ಇಲ್ಲಿ ಒಂದರ ಮೇಲೊಂದು ಬಿದ್ದಿವೆ. ಒಂದು ಉದ್ದ, ಒಂದು ಚಪ್ಪಟೆ, ಒಂದು ಮಿಕ್ಕವುಗಳ ನಾಲ್ಕು ಪಟ್ಟು. ಅಲ್ಲೊಂದರಲ್ಲಿ ಕಪ್ಪು ಎಳೆಗಳು ಎರಡು ಕಡೆಗೆ ಜಗ್ಗಿಕೊಂಡಿವೆ; ಕತ್ತರಿಸಿ ತೆಗೆದ ಕ್ಷಣದಲ್ಲಿ ಆ ಕೋಶ ಎರಡಾಗುತ್ತಿತ್ತು. ರಕ್ತನಾಳಗಳು ಗೊಂಚಲು ಗೊಂಚಲಾಗಿ ಉಬ್ಬಿವೆ, ಏಕೆಂದರೆ ಗಡ್ಡೆ ಉಸಿರುಕಟ್ಟಿದಾಗ ರಕ್ತನಾಳ ಬೆಳೆಸುವ ರಾಸಾಯನಿಕ ಬಿಟ್ಟಿದೆ. ಅಷ್ಟಾದರೂ ರಕ್ತ ಸಾಲದೆ ನಡುವಿನ ಕೋಶಗಳು ಸತ್ತಿವೆ. ಫಿಲ್ಮಿನಲ್ಲಿ ಬಳೆಯ ಒಳಗೆ ಕಂಡ ಕಪ್ಪು ಇದೇ. ಸ್ವಲ್ಪ ಹೊತ್ತಿನಲ್ಲೇ ಫೋನು ಆಪರೇಷನ್ ಥಿಯೇಟರಿಗೆ ಹೋಗುತ್ತದೆ. ಅಲ್ಲಿ ತಲೆಬುರುಡೆ ತೆರೆದಿಟ್ಟ ಸರ್ಜನ್ ಈ ಉತ್ತರಕ್ಕೇ ಕಾಯುತ್ತಿರುತ್ತಾರೆ.

ಉಳಿದ ಚೂರನ್ನು ಮೇಣದಲ್ಲಿ ಹುದುಗಿಸಿ ಮುಂದಿನ ಪರೀಕ್ಷೆಗಳಿಗೆ ಕಳಿಸುತ್ತಾರೆ. ಈಗ ಗಡ್ಡೆಗೆ ಹೆಸರಿಡಲು ಬರೀ ಆಕಾರ ಸಾಲದು, ಯಾವ ಜೀನು ಕೆಟ್ಟಿದೆ ಎಂಬುದೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಇದನ್ನು ಕಡ್ಡಾಯ ಎನ್ನುವಷ್ಟು ಗಟ್ಟಿ ಮಾಡಿದೆ. 2008ರಲ್ಲಿ ಪತ್ತೆಯಾದ ಐಡಿಎಚ್1 ಜೀನಿನ ತಪ್ಪು ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 132ನೇ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಹಿಸ್ಟಿಡೀನ್ ಬಂದು ಕೂರುತ್ತದೆ. ಆಗ ಕೋಶ ಒಂದು ಬೇಡದ ರಾಸಾಯನಿಕವನ್ನು ತಯಾರಿಸತೊಡಗುತ್ತದೆ. ಅದು ಜೀನುಗಳ ಮೇಲಿನ ಗುರುತುಗಳನ್ನು ಅಸ್ತವ್ಯಸ್ತ ಮಾಡಿ, ಕೋಶ ಬಲಿತು ನಿಲ್ಲದಂತೆ ತಡೆಯುತ್ತದೆ. ಈ ತಪ್ಪಿರುವ ಗಡ್ಡೆ ಹೆಚ್ಚಾಗಿ ಹರೆಯದವರಿಗೆ ಬರುತ್ತದೆ, ನಿಧಾನ ಬೆಳೆಯುತ್ತದೆ. ಈ ತಪ್ಪಿಲ್ಲದ ಗ್ಲಯೊಬ್ಲಾಸ್ಟೋಮಾ ವಯಸ್ಸಾದವರಿಗೆ ಹೆಚ್ಚು. ಪೂರ್ತಿ ಚಿಕಿತ್ಸೆ ಕೊಟ್ಟರೂ ಅರ್ಧದಷ್ಟು ರೋಗಿಗಳು 15 ತಿಂಗಳ ಆಸುಪಾಸಿನಲ್ಲೇ ತೀರಿಕೊಳ್ಳುತ್ತಾರೆ. ಐಡಿಎಚ್ ತಪ್ಪನ್ನೇ ಗುರಿಯಿಟ್ಟ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡವೂ ನಿಮ್ಹಾನ್ಸ್‌ನ ವಾಣಿ ಸಂತೋಷ್ ಅವರಂಥ ರೋಗಶಾಸ್ತ್ರಜ್ಞರೂ ಜೊತೆಗೂಡಿ ಇಂಥ ಗಡ್ಡೆಗಳ ಜೀನುಗಳನ್ನು ವರ್ಷಗಟ್ಟಲೆ ಓದಿದ್ದಾರೆ.

"ಪೂರಾ ತಗದು ಒಗೀರಿ" ಎಂದು ಮನೆಯವರು ಬೇಡಿಕೊಳ್ಳುತ್ತಾರೆ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾವನ್ನು ಬಹಳ ಸಲ ಹಾಗೆ ತೆಗೆಯಬಹುದು. ಹೆಂಗಸರಲ್ಲಿ ಹೆಚ್ಚು ಕಾಣುವ ಇದು ಬಹುಮಟ್ಟಿಗೆ ಸಾಧು. ಗ್ಲಯಾ ಕೋಶದ ಗಡ್ಡೆ ಹಾಗಲ್ಲ. ಎರೆಹೊಲದ ಕರಕಿಯನ್ನು ಕಿತ್ತವರಿಗೆ ಇದು ಗೊತ್ತು: ಮೇಲಿನದೆಲ್ಲ ಕಿತ್ತು ಬದುವಿಗೆ ಒಗೆದರೂ ಆಳದಲ್ಲಿ ಹರಿದ ಬೇರು ಮುಂದಿನ ಮಳೆಗೆ ಮಾರುದೂರದಲ್ಲಿ ಏಳುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆಯ ಬೆನ್ನಿಗೆ ವಿಕಿರಣ, ಟೆಮೊಜೊಲೊಮೈಡ್ ಗುಳಿಗೆ. 2019ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಈ ಗಡ್ಡೆಯ ಕೋಶಗಳು ನರಕೋಶಗಳ ಜೊತೆ ಸಂಪರ್ಕಬಿಂದು ಕಟ್ಟಿಕೊಂಡು, ಮೆದುಳಿನ ವಿದ್ಯುತ್ ಚಟುವಟಿಕೆಯನ್ನೇ ಉಂಡು ಬೆಳೆಯುತ್ತವೆ. ಅವು ಹೊರಚೆಲ್ಲುವ ಗ್ಲುಟಮೇಟ್ ಎಂಬ ರಾಸಾಯನಿಕ ಸುತ್ತಲಿನ ನರಕೋಶಗಳನ್ನು ಕೆರಳಿಸುತ್ತದೆ. ಜೇವರ್ಗಿಯ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವನು ಕುಡುಗೋಲು ಬಿಟ್ಟು ನೆಲಕ್ಕುರುಳಿ ಕೈಕಾಲು ಬಡಿಯುವುದರ ಹಿಂದೆ ಹಲವು ಸಲ ಇದಿರುತ್ತದೆ.

ಈಗ ಮನೆಯವರ ಪಟ್ಟಿಗೆ ಬರೋಣ. ಎತ್ತಿನ ಪೆಟ್ಟು, ತೊಟ್ಟಿಲಿನ ಬೀಳುವಿಕೆ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ. ಟವರ್ ಮತ್ತು ಮೊಬೈಲಿನ ರೇಡಿಯೊ ಅಲೆಗಳಿಗೆ ಡಿಎನ್‌ಎಯ ಕೊಂಡಿ ಮುರಿಯುವ ಕಸುವಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇವುಗಳನ್ನು 'ಇರಬಹುದಾದ' ಕಾರಣಗಳ ಸಾಲಿಗೆ ಸೇರಿಸಿತ್ತು ನಿಜ. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಹೊರಬಂದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲಿಗೂ ಮೆದುಳಿನ ಗಡ್ಡೆಗೂ ನಂಟು ಕಾಣಲಿಲ್ಲ. ತೊಗರಿಗೆ ಹೊಡೆಯುವ ಎಣ್ಣೆಯ ಮೇಲೆ ಕೆಲವು ಅಧ್ಯಯನಗಳು ಸಂಶಯದ ಬೆರಳು ತೋರಿಸಿವೆ, ಇದೇ ಕಾರಣ ಎನ್ನುವಷ್ಟು ಸಾಕ್ಷ್ಯ ಕೂಡಿಲ್ಲ. ಮುಖಕ್ಕೆ ಬಟ್ಟೆ ಕಟ್ಟಲು ಬೇರೆ ಕಾರಣಗಳು ಬೇಕಾದಷ್ಟಿವೆ. ಖಚಿತವಾಗಿ ಸಾಬೀತಾದ ಹೊರಗಿನ ಕಾರಣ ಡಿಎನ್‌ಎ ಮುರಿಯುವ ವಿಕಿರಣ. ಇಸ್ರೇಲಿನಲ್ಲಿ 1950ರ ದಶಕದ ಸುಮಾರಿಗೆ ತಲೆಯ ಹುಳುಕಡ್ಡಿಗೆಂದು ಸಾವಿರಾರು ಮಕ್ಕಳಿಗೆ ಎಕ್ಸ್‌ರೇ ಚಿಕಿತ್ಸೆ ಕೊಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಮೆನಿಂಜಿಯೋಮಾ ಸುಮಾರು 10 ಪಟ್ಟು ಹೆಚ್ಚಾಗಿ ಕಂಡಿತು. ನ್ಯೂರೋಫೈಬ್ರೊಮಟೋಸಿಸ್, ಲಿ-ಫ್ರೌಮೆನಿಯಂಥ ಕೆಲವು ವಂಶದ ದೋಷಗಳೂ ಕಾರಣವಾಗುತ್ತವೆ, ಆದರೆ ಅಂಥ ಮನೆತನಗಳು ಕಡಿಮೆ. ಉಳಿದ ದೊಡ್ಡ ಪಾಲಿಗೆ ಹೊರಗಿನ ಕಾರಣ ಹುಡುಕಿದರೆ ಸಿಗುವುದಿಲ್ಲ. ನಕಲು ಮಾಡುವಾಗ ಅಕ್ಷರ ತಪ್ಪಿತು, ಅಷ್ಟೆ. ಆ ತಾಯಿಗೆ ಯಾರಾದರೂ ಇದನ್ನು ಕೂರಿಸಿಕೊಂಡು ಹೇಳಬೇಕು. ರೊಟ್ಟಿ ಬಡಿದದ್ದು ಆಕೆಯ ತಪ್ಪಲ್ಲ, ಮಗ ಹಳ್ಳದ ದಾರಿಯಲ್ಲಿ ಬಂದದ್ದೂ ತಪ್ಪಲ್ಲ, ಟ್ರ್ಯಾಕ್ಟರ್ ನೋಡಿದ ನೆರೆಯವನದೂ ತಪ್ಪಲ್ಲ.

ಬೆಳಕಿನ ಪೆಟ್ಟಿಗೆಯ ಮೇಲೆ ಕಾಣುವ ಬಳೆಯೆಲ್ಲ ಗಡ್ಡೆಯೇ ಎಂದೂ ಅಲ್ಲ. ಸಣ್ಣ ಬಳೆ, ಅದರೊಳಗೆ ಒಂದು ಬಿಳಿ ಚುಕ್ಕಿ ಕಂಡರೆ ಡಾಕ್ಟರ ಮುಖ ಸಡಿಲಾಗುತ್ತದೆ. ಅದು ಹಂದಿಯ ಲಾಡಿಹುಳುವಿನ ಮರಿ, ಚುಕ್ಕಿ ಅದರ ತಲೆ. "ನಾವು ಮಾಂಸ ಮುಟ್ಟಂಗಿಲ್ರಿ" ಎಂದು ಲಿಂಗಾಯತ ಮನೆಯವರು ಬೆರಗಾಗುತ್ತಾರೆ. ಹುಳುವಿನ ತತ್ತಿ ಬರುವುದು ಮಲ ಸೇರಿದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈಗಳಿಂದ. ಕ್ಷಯದ ಗಂಟೂ ಹೀಗೇ ಬಳೆಯಾಗಿ ಕಾಣಬಹುದು. ಇವೆರಡಕ್ಕೂ ಔಷಧಿಯಿದೆ. ಶ್ವಾಸಕೋಶ, ಸ್ತನದ ಕ್ಯಾನ್ಸರು ರಕ್ತದಲ್ಲಿ ಹರಿದುಬಂದು ಮೆದುಳಿನಲ್ಲಿ ಕೂತರೂ ಬಳೆಯಂತೆ ಕಾಣುತ್ತದೆ. ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರಿಗಿಂತ ಹೀಗೆ ಬಂದು ಸೇರುವುದೇ ಹೆಚ್ಚು.

ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಹೊಸದೊಂದು ಬೆಳೆದರೆ ಒತ್ತಡ ಏರಲೇಬೇಕು. ರಾತ್ರಿ ಮಲಗಿದಾಗ ಅದು ಇನ್ನಷ್ಟು ಏರುತ್ತದೆ. ಹಾಗಾಗಿ ಬೆಳಗಿನ ಹೊತ್ತು ತಲೆನೋವು ಜೋರು, ವಾಂತಿ. "ವಾಂತಿ ಆದ್ಮ್ಯಾಲ ಹಗುರ ಅನಸ್ತದ್ರಿ" ಎಂಬ ಮಾತನ್ನು ಪಿತ್ತ ಎಂದು ತಳ್ಳಿಹಾಕುವುದೇ ಹೆಚ್ಚು. ಮಕ್ಕಳಲ್ಲಿ ಗಡ್ಡೆ ಬಹಳ ಸಲ ಹಿಂದಲೆಯ ಚಿಕ್ಕಮೆದುಳಿನಲ್ಲಿ ಬೆಳೆಯುತ್ತದೆ. ಸಾಲಿಗೆ ಹೋಗುವ ಹುಡುಗಿ ನಡೆಯುವಾಗ ಜೋಲಿ ಹೊಡೆಯುತ್ತಾಳೆ, ದಿನಾ ಬೆಳಿಗ್ಗೆ ಕಾರುತ್ತಾಳೆ. ಕಣ್ಣು ಮಂಜಾದರೆ ಜನ ಚಷ್ಮಾ ಅಂಗಡಿಗೆ ಹೋಗುತ್ತಾರೆ. ಅದರ ಬದಲು ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಅವರು ಕೈದೀಪದಂಥ ಉಪಕರಣ ಹಿಡಿದು ಕಣ್ಣಿನ ಹಿಂಪದರ ನೋಡುತ್ತಾರೆ. ಅಲ್ಲಿ ನರ ಒಳಬರುವ ಜಾಗದ ಅಂಚು ಸ್ಪಷ್ಟವಾಗಿರಬೇಕು. ತಲೆಯೊಳಗೆ ಒತ್ತಡವಿದ್ದರೆ ಅದು ಬಾತು, ಅಂಚು ಅಳಿಸಿದಂತಾಗಿರುತ್ತದೆ. ಸ್ಕ್ಯಾನ್ ಯಂತ್ರ ಬೇಕಿಲ್ಲ. ತಾಲ್ಲೂಕಿನ ಕಣ್ಣಿನ ಶಿಬಿರದಲ್ಲೂ ಇದು ಕಾಣುತ್ತದೆ.

ಕೋಶದೊಳಗಿನ ತಪ್ಪನ್ನು ತಡೆಯುವುದು ಆಳಂದದವರ ಕೈಯಲ್ಲೂ ಇಲ್ಲ, ಬೆಂಗಳೂರಿನವರ ಕೈಯಲ್ಲೂ ಇಲ್ಲ. ಕೈಯಲ್ಲಿರುವುದು ನಡುವಿನ ತಿಂಗಳುಗಳು: ಮೊದಲ ಗುರುತಿಗೂ ಮೊದಲ ಸ್ಕ್ಯಾನಿಗೂ ನಡುವೆ ತಾಯಿತ, ಪಿತ್ತದ ಗುಳಿಗೆ, ಚಷ್ಮಾ ಎಂದು ಕಳೆದುಹೋಗುವ ತಿಂಗಳುಗಳು. ಸಂಗಮದ ಸ್ನಾನಕ್ಕಾಗಲಿ ದರ್ಗಾದ ಹರಕೆಗಾಗಲಿ ಯಾವ ಡಾಕ್ಟರೂ ಬೇಡ ಎನ್ನಬೇಕಿಲ್ಲ, ಅದು ಮುಗಿದ ದಿನವೇ ಕಲಬುರಗಿಯ ಬಸ್ಸು ಹತ್ತಲಿ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಹೊರಡುವಾಗ ಆ ಕಾರ್ಡು, ಆಧಾರ್ ಜೊತೆಗಿರಲಿ. ಬೆಳೆದ ಮನುಷ್ಯನಿಗೆ ಬದುಕಿನಲ್ಲಿ ಮೊದಲ ಸಲ ಫಿಟ್ಸ್ ಬಂತೆಂದರೆ ಅದೇ ವಾರ ತಲೆಯ ಸ್ಕ್ಯಾನ್ ಆಗಬೇಕು. ಎರಡನೆಯದು ಬರಲಿ, ನೋಡೋಣ ಎಂದು ಕೂರುವುದು ಬೇಡ.